ಮಲ್ಲಿಗೆ ಕುಳಿತ ಸೀಟು

ಕಾರಿನ ಸದ್ದಿಗೆ ಹೆದರುವವರನ್ನು ನೋಡಿದ್ದೇನೆ. ನನಗೆ ಹೆದರಿಕೆಯಾಗುತ್ತಿದ್ದದ್ದು ಆ ಸದ್ದು ನಿಂತಾಗ. ಮಣಿಪಾಲದ ಗುಡ್ಡದಿಂದ ಉಡುಪಿಯ ಕಡೆಗೆ ರಸ್ತೆ ಇಳಿಯಲು ಶುರುವಾದ ಕೂಡಲೇ ನನ್ನ ಗಂಡ ಗೇರನ್ನು ನ್ಯೂಟ್ರಲ್‌ಗೆ ತಂದು, ಕೀ ತಿರುಗಿಸಿ, ಎಂಜಿನ್ ಆರಿಸಿಬಿಡುತ್ತಿದ್ದರು. ಆಮೇಲೆ ಕಾರು ತನ್ನಷ್ಟಕ್ಕೆ ಜಾರುತ್ತಿತ್ತು. ಟಯರಿನ ಸರಸರ, ಕಿಟಕಿಯಲ್ಲಿ ಗಾಳಿ, ಅಷ್ಟೇ. ಮಡಿಲಲ್ಲಿ ಒಂದೂವರೆ ವರ್ಷದ ಮಗಳು. ಅವಳ ಹೊಟ್ಟೆಯ ಸುತ್ತ ಎರಡೂ ಕೈ ಬಿಗಿದು ಕುಳಿತರೆ ಇಂದ್ರಾಳಿ ದಾಟುವ ತನಕ ನಾನು ಸರಿಯಾಗಿ ಉಸಿರು ಬಿಡುತ್ತಿರಲಿಲ್ಲ. ಇವರ ಮುಖದಲ್ಲೋ ಲಾಟರಿ ಹೊಡೆದವರ ಸಂತೋಷ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು ಇದು. ಇವರು ಮಣಿಪಾಲದ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದರು. ನಮ್ಮ ಮನೆ ಶಂಕರಪುರದಲ್ಲಿ. ಯಾರೋ ಓಡಿಸಿ ಓಡಿಸಿ ಸಾಕಾಗಿ ಮಾರಿದ ಹಳೆಯ ಕಾರನ್ನು ತಂದಿದ್ದರು. ಪೆಟ್ರೋಲಿನ ಬೆಲೆ ಏರಿದ ಕಾಲ, ಉಳಿತಾಯ ಮಾಡಬೇಕೆಂಬುದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಇವರಿಗೆ ಅದು ಬರೀ ಉಳಿತಾಯವಲ್ಲ, ವ್ರತ. ಟಯರಿನ ಗಾಳಿ ಸರಿಯಿರಬೇಕು, ಸರಿ. ಸುಮ್ಮನೆ ಎಕ್ಸಿಲರೇಟರ್ ಒತ್ತಬಾರದು, ಅದೂ ಸರಿ. ಅನವಶ್ಯಕ ಭಾರ ಹೇರಬಾರದು ಎಂಬ ನಿಯಮಕ್ಕಾಗಿ ಒಮ್ಮೆ ನನ್ನ ತಾಯಿ ಮುತುವರ್ಜಿಯಿಂದ ಕೊಟ್ಟ ಹಲಸಿನ ಹಣ್ಣನ್ನು ಡಿಕ್ಕಿಯಿಂದ ಇಳಿಸಿ ಅಂಗಳದಲ್ಲೇ ಬಿಟ್ಟು ಬಂದರು. ನನ್ನ ತಾಯಿ ಮೂರು ತಿಂಗಳು ಅಳಿಯನ ಹತ್ತಿರ ನೆಟ್ಟಗೆ ಮಾತಾಡಲಿಲ್ಲ. ಎಲ್ಲಕ್ಕಿಂತ ದೊಡ್ಡ ನಿಯಮ ಬ್ರೇಕಿನದು. ಬ್ರೇಕ್ ಒತ್ತುವುದೆಂದರೆ ಅಷ್ಟು ಹೊತ್ತು ಸುಟ್ಟ ಪೆಟ್ರೋಲನ್ನು ರಸ್ತೆಗೆ ಚೆಲ್ಲಿದ ಹಾಗೆ ಎನ್ನುತ್ತಿದ್ದರು. ಹಾಗಾಗಿ ಕೊನೆಯ ಗಳಿಗೆಯವರೆಗೂ ಇವರ ಕಾಲು ಅದರ ಹತ್ತಿರ ಹೋಗುತ್ತಿರಲಿಲ್ಲ.

ನಾನು ಹೆದರುಪುಕ್ಕಲಿ ಎಂದು ಇವರು ತಮಾಷೆ ಮಾಡುತ್ತಿದ್ದರು. ಹೌದು, ಹೆದರುಪುಕ್ಕಲಿಯೇ. ನನ್ನ ತವರು ಕಾಪು, ಮನೆ ಹೆದ್ದಾರಿಯ ಪಕ್ಕದಲ್ಲೇ. ಎಪ್ಪತ್ತರ ದಶಕದಲ್ಲಿ, ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ, ಉಚ್ಚಿಲದ ಕಡೆಯಿಂದ ಬಂದ ಕಾರೊಂದು ನಮ್ಮ ಗೇಟಿನೆದುರು ಮಗುಚಿ ಬಿದ್ದಿತ್ತು. ದೊಡ್ಡವರು ನಮ್ಮನ್ನು ಹತ್ತಿರ ಬಿಡಲಿಲ್ಲ. ಗಾಯಾಳುಗಳನ್ನು ಸಾಗಿಸಿ, ಕಾರನ್ನು ಎಳೆದುಕೊಂಡು ಹೋದ ಮೇಲೆ ನಾನು ಗೇಟಿನ ಹೊರಗೆ ಬಂದೆ. ಡಾಮರಿನ ಮೇಲೆ ಒಂದು ಪುಟ್ಟ ಕೆಂಪು ಚಪ್ಪಲಿ ಬಿದ್ದಿತ್ತು. ಇನ್ನೊಂದು ಎಲ್ಲೂ ಇರಲಿಲ್ಲ. ಆ ಮಗು ಬದುಕಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಲು ಧೈರ್ಯ ಬರಲಿಲ್ಲ.

ಇಷ್ಟು ಹೆದರಿಕೆಯಿದ್ದ ನಾನೇ ಒಂದು ತಪ್ಪು ಮಾಡಿದೆ. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿರುವುದು.

ಇವರ ತಮ್ಮ ಗಲ್ಫ್‌ನಲ್ಲಿದ್ದ. ರಜೆಗೆ ಬಂದಾಗ ಮಗುವಿಗೆಂದು ಕಾರಿನಲ್ಲಿ ಕೂರಿಸುವ ಒಂದು ಸೀಟು ತಂದ. ನೀಲಿ ಬಣ್ಣದ್ದು, ಎರಡೂ ಭುಜದ ಮೇಲಿಂದ ಪಟ್ಟಿಗಳು, ಹೊಟ್ಟೆಯ ಹತ್ತಿರ ಅವೆರಡನ್ನೂ ಹಿಡಿಯುವ ಕೆಂಪು ಗುಂಡಿಯ ಬಕಲು. ಸಿಕ್ಕಿಸಿದರೆ ಟಕ್ ಎಂದು ಕೂರುತ್ತಿತ್ತು. ಅಲ್ಲಿ ಮಕ್ಕಳನ್ನು ಹೀಗೇ ಕೂರಿಸುತ್ತಾರೆ ಎಂದು ಅವನು ನಮಗೆ ತೋರಿಸಿಕೊಟ್ಟ. ನಮ್ಮ ಕಾರಿನಲ್ಲಿ ಅದನ್ನು ಬಿಗಿಯಲು ಬೆಲ್ಟೇ ಇರಲಿಲ್ಲ. ನನ್ನ ಅತ್ತೆ ಹೂಡೆಯ ಹೊಳೆದಡದಲ್ಲಿ ಹುಟ್ಟಿ ಬೆಳೆದವರು. ಬಾವಿಯ ಹೊಸ ಹಗ್ಗ ತಂದು, ದೋಣಿ ಕಟ್ಟುವ ಗಂಟು ಹಾಕಿ, ಹಿಂದಿನ ಸೀಟಿಗೆ ಅದನ್ನು ಬಿಗಿದುಕೊಟ್ಟರು. ಹಗ್ಗ ಸಾಲದು ಎಂದು ಈಗ ಗೊತ್ತು. ಆಗ ಅಲುಗಾಡಿಸಿ ನೋಡಿದೆವು, ಅಲುಗಲಿಲ್ಲ, ಸಾಕೆನಿಸಿತು.

ಮಗುವನ್ನು ಅದರಲ್ಲಿ ಕೂರಿಸಿ ಪಟ್ಟಿ ಎಳೆದಾಗ ಅವಳು ಬೊಬ್ಬೆ ಹೊಡೆದಳು. ಅತ್ತೆಯ ಮುಖ ಸಿಂಡರಿಸಿಹೋಯಿತು. ಮನೆಯಲ್ಲಿ ನಮ್ಮದು ಕೊಂಕಣಿ. ಅವರು ಆಡಿದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ:

"ಮಗುವನ್ನು ಕಟ್ಟಿ ಹಾಕುವುದಾ? ಅದೆಂತ ಕರುವಾ? ತಾಯಿಯ ಮಡಿಲು ಇರುವಾಗ ಹಗ್ಗ ಯಾಕೆ?"

ಅಲ್ಲಿಗೆ ಮುಗಿಯಿತು. ತಾಯಿಯ ಮಡಿಲು ಎಂದ ಮೇಲೆ ಯಾವ ಸೊಸೆ ಬಾಯಿ ತೆರೆಯುತ್ತಾಳೆ? ಸತ್ಯ ಹೇಳುವುದಾದರೆ ನನಗೂ ಹಾಗೇ ಅನಿಸಿತ್ತು. ಹೆದರಿಕೆಯಾದಾಗ ನನ್ನ ಕೈ ಮಗುವನ್ನು ಅಪ್ಪಿಕೊಳ್ಳಲು ಹೋಗುತ್ತಿತ್ತು, ದೂರ ಕೂರಿಸಲು ಅಲ್ಲ. ನನ್ನ ಎರಡು ಕೈಗಿಂತ ಗಟ್ಟಿಯಾದ ಪಟ್ಟಿ ಯಾವ ದೇಶದಲ್ಲಿದೆ ಎಂಬ ಸೊಕ್ಕೂ ಇತ್ತು.

ಸೀಟು ಹಿಂದೆ ಖಾಲಿ ಉಳಿಯಿತು. ಅದಕ್ಕೆ ಕೆಲಸ ಹುಡುಕಿದವಳು ನಾನು. ನಮ್ಮ ಹಿತ್ತಿಲಲ್ಲಿ ನಲವತ್ತು ಮಲ್ಲಿಗೆ ಗಿಡಗಳಿದ್ದವು. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ, ಬಾಳೆಲೆಯಲ್ಲಿ ಸುತ್ತಿ ಬುಟ್ಟಿಗೆ ಇಡುವುದು. ದಿನದ ಹೂವು ಮಾರಾಟಕ್ಕೆ ಊರಿನ ಮಲ್ಲಿಗೆ ಕಟ್ಟೆಗೇ ಹೋಗುತ್ತಿತ್ತು. ಮದುವೆ, ಹಬ್ಬ ಎಂದು ನೆಂಟರಿಷ್ಟರು ಹೇಳಿಟ್ಟ ಹೂವು ಮಾತ್ರ ನಮ್ಮ ಕಾರಿನಲ್ಲಿ. ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಳ್ಳಬಾರದು, ಮೈಯ ಬಿಸಿಗೆ ಮೊಗ್ಗು ದಾರಿಯಲ್ಲೇ ಅರಳಿ ಕೆಡುತ್ತದೆ ಎಂಬುದು ಅತ್ತೆಯ ಕಟ್ಟುನಿಟ್ಟು. ಕಾಲಬುಡದಲ್ಲಿ ಇಟ್ಟರೆ ಎಂಜಿನ್ನಿನ ಕಾವು. ಸೀಟಿನ ಮೇಲೆ ಇಟ್ಟರೆ ತಿರುವಿನಲ್ಲಿ ಉರುಳಿ ಚೆಂಡು ನಲುಗುತ್ತದೆ. ಒಮ್ಮೆ ಹಾಗೆ ನಲುಗಿ ಅತ್ತೆಯಿಂದ ವಾರವಿಡೀ ಕೇಳಿಸಿಕೊಂಡಿದ್ದೆ. ಮುಂದಿನ ಸಲ ಬುಟ್ಟಿಯನ್ನು ಆ ನೀಲಿ ಸೀಟಿನಲ್ಲಿಟ್ಟು, ಎರಡೂ ಪಟ್ಟಿ ಎಳೆದು ಟಕ್ ಎನಿಸಿದೆ. ಅಳತೆಗೆ ಮಾಡಿಸಿದ ಹಾಗೆ ಕೂತಿತು. ಸೊಸೆಗೆ ಬುದ್ಧಿ ಉಂಟು ಎಂದು ಅತ್ತೆ ಮೊದಲ ಬಾರಿ ನೆರೆಮನೆಯವರ ಮುಂದೆ ಹೇಳಿದರು. ನಾನು ಉಬ್ಬಿಹೋದೆ.

ಅಂದಿನಿಂದ ಅದು ಮಲ್ಲಿಗೆಯ ಸೀಟಾಯಿತು. ಹಿಂದೆ ಹೂವು, ಅದರ ಪಕ್ಕ ಅತ್ತೆ. ಮುಂದೆ ಇವರು, ನಾನು, ನನ್ನ ಮಡಿಲಲ್ಲಿ ಮಗು.

ಕಾರ್ಕಳದಲ್ಲಿ ಅತ್ತೆಯ ಕಡೆಯ ಒಂದು ಹುಡುಗಿಯ ಮದುವೆ. ಹಿಂದಿನ ದಿನ ಸಂಜೆ ಹುಡುಗಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ರೋಸ್ ಶಾಸ್ತ್ರ, ಅದಕ್ಕೆ ನಮ್ಮದೇ ಹೂವು. ಊಟ ಮುಗಿಸಿ ಮಧ್ಯಾಹ್ನವೇ ಹೊರಟೆವು. ಶಿರ್ವ ದಾಟಿ ಬೆಳ್ಮಣ್ಣಿನ ಕಡೆಗೆ ಹೋಗುವಾಗ ರಸ್ತೆ ಏರುತ್ತದೆ, ಇಳಿಯುತ್ತದೆ. ಇಳಿದಲ್ಲೆಲ್ಲ ಎಂಜಿನ್ ಆರುತ್ತಿತ್ತು. ಆರಿದಾಗಲೆಲ್ಲ ಅತ್ತೆ ಹಿಂದಿನಿಂದ ಶಿಲುಬೆಯ ಗುರುತು ಮಾಡುತ್ತಿದ್ದರು. ಮಗನ ಮೇಲೆ ವಿಶ್ವಾಸವಿಲ್ಲ ಎಂದಲ್ಲ, ಇಬ್ಬರು ನೋಡಿಕೊಂಡರೆ ಒಳ್ಳೆಯದಲ್ವಾ ಎನ್ನುತ್ತಿದ್ದರು.

ಒಂದು ಉದ್ದ ಇಳಿಜಾರಿನಲ್ಲಿ ಕಾರು ಜಾರತೊಡಗಿತು. ಎರಡೂ ಕಡೆ ಗೋಡೆಯಂತೆ ಎದ್ದ ಮುರಕಲ್ಲಿನ ದರೆ. ಗೇರಿನ ಹಿಡಿತವಿಲ್ಲದ ಕಾರು ಇಳಿದಷ್ಟೂ ಜೋರಾಗುತ್ತದೆ. ಸ್ವಲ್ಪ ಬ್ರೇಕ್ ಹಿಡಿಯಿರಿ ಎಂದೆ. ಮುಂದೆ ಏರು ಉಂಟು, ಈ ಓಟದಲ್ಲೇ ಅರ್ಧ ಹತ್ತಬಹುದು ಎಂದರು. ಮಗು ಕಿಟಕಿಯಾಚೆ ಏನನ್ನೋ ಕಂಡು ನನ್ನ ತೊಡೆಯ ಮೇಲೆ ಎದ್ದು ನಿಂತಳು. ಅವಳನ್ನು ಕೂರಿಸಲೆಂದು ಸೊಂಟ ಹಿಡಿದೆ. ಅಷ್ಟರಲ್ಲಿ ತಿರುವು ಬಂತು. ತಿರುವಿನ ಆಚೆ ಬಸ್ಸೊಂದು ಜನ ಇಳಿಸಲು ನಿಂತಿತ್ತು.

ಇವರು ಎರಡೂ ಕಾಲಲ್ಲಿ ಬ್ರೇಕ್ ಒತ್ತಿದರು. ಕಾರು ಕಿರುಚಿಕೊಂಡು ನಿಂತಿತು. ಬಸ್ಸಿಗೂ ನಮಗೂ ನಡುವೆ ಒಂದು ಮೊಳ ಜಾಗ ಉಳಿದಿತ್ತು. ಎಲ್ಲಿಗೂ ತಾಗಲಿಲ್ಲ, ಕಾರಿಗೆ ಒಂದು ಗೀರೂ ಬೀಳಲಿಲ್ಲ. ಆದರೆ ನನ್ನ ಕೈ ಖಾಲಿಯಾಗಿತ್ತು.

ನಾನು ಬಿಡಲಿಲ್ಲ. ಇದನ್ನು ಎಷ್ಟು ಸಲ ಹೇಳಿಕೊಂಡಿದ್ದೇನೋ. ಬಿಡಲಿಲ್ಲ, ಅವಳನ್ನು ನನ್ನ ಕೈಯಿಂದ ಯಾರೋ ಕಿತ್ತುಕೊಂಡ ಹಾಗಾಯಿತು. ತಿಂಗಳುಗಟ್ಟಲೆ ನಂಬಿಕೊಂಡಿದ್ದ ಆ ಎರಡು ಕೈ ಒಂದು ಗಳಿಗೆಯೂ ತಡೆಯಲಿಲ್ಲ. ಮಗು ಡ್ಯಾಶ್‌ಬೋರ್ಡಿಗೆ ಬಡಿದು ನನ್ನ ಕಾಲಬುಡದಲ್ಲಿ ಮುದ್ದೆಯಾಗಿ ಬಿದ್ದಿದ್ದಳು. ಎತ್ತಿಕೊಂಡೆ. ಹುಬ್ಬಿನ ಮೇಲೆ ಬಾಯಿ ತೆರೆದ ಗಾಯ, ಕಣ್ಣು ಅರ್ಧ ಮುಚ್ಚಿತ್ತು. ಅವಳು ಅಳಲಿಲ್ಲ. ದೇವರೇ, ಮಗು ಅಳದಿದ್ದರೆ ಎಷ್ಟು ಹೆದರಿಕೆಯಾಗುತ್ತದೆ ಎಂದು ನನಗೆ ಆವತ್ತು ಗೊತ್ತಾಯಿತು. ಆ ಕೆಂಪು ಚಪ್ಪಲಿ ನನ್ನ ಕಣ್ಣ ಮುಂದೆ ಬಂತು. ತಡಕಾಡಿ ಮಗುವಿನ ಪಾದ ಮುಟ್ಟಿ ನೋಡಿದೆ. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ನನ್ನ ಬಾಯಿಂದ ಯಾವ ಶಬ್ದ ಬಂತೋ ಗೊತ್ತಿಲ್ಲ, ಬಸ್ಸಿನ ಡ್ರೈವರ್ ಇಳಿದು ಓಡಿ ಬಂದರು.

ನಡುವಯಸ್ಸಿನ ಮನುಷ್ಯ. ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದು, ಉಸಿರು ಉಂಟು, ಮಣಿಪಾಲಕ್ಕೆ ಕೊಂಡುಹೋಗಿ, ತಲೆ ಅಲುಗಿಸಬೇಡಿ ಎಂದರು. ಹಿಂದೆ ಕುಳಿತರೆ ಮಗುವನ್ನು ಮಲಗಿಸಿಕೊಳ್ಳಬಹುದು ಎಂದು ಅತ್ತೆಯನ್ನು ಮುಂದಕ್ಕೆ ಕಳುಹಿಸಿ, ನನಗಾಗಿ ಹಿಂದಿನ ಬಾಗಿಲು ಹಿಡಿದುಕೊಂಡರು. ಆಗ ಅವರ ಕಣ್ಣು ಆ ಸೀಟಿನ ಮೇಲೆ ಬಿತ್ತು. ಹಗ್ಗ ಬಿಗಿದ ಹಾಗೇ ಇತ್ತು. ಪಟ್ಟಿಯೊಳಗೆ ಬುಟ್ಟಿ ಕೂರಿಸಿದಲ್ಲೇ ಕೂತಿತ್ತು, ಮೇಲಿನ ಬಾಳೆಲೆ ಸಹ ಸರಿದಿರಲಿಲ್ಲ. ಅವರು ಅದನ್ನು ನೋಡಿದರು, ಮಗುವನ್ನು ನೋಡಿದರು.

"ಹೂವಿಗೆ ಬೆಲ್ಟ್ ಹಾಕಿದ್ದೀರಲ್ಲ, ಅಕ್ಕ," ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಮೆಲ್ಲಗೆ ಬಾಗಿಲು ಮುಚ್ಚಿದರು.

ಬಂದ ದಾರಿಯಲ್ಲೇ ತಿರುಗಿ ಶಿರ್ವ, ಉಡುಪಿ, ಅಲ್ಲಿಂದ ಮಣಿಪಾಲದ ಏರು. ದಾರಿ ಮುಗಿಯಲೇ ಇಲ್ಲ. ನಡುವೆ ಎಷ್ಟೋ ಇಳಿಜಾರು ಬಂದವು, ಇವರು ಎಲ್ಲಿಯೂ ಎಂಜಿನ್ ಆರಿಸಲಿಲ್ಲ. ಅತ್ತೆಯ ಕೈಯಲ್ಲಿ ಜಪಮಾಲೆ. ನಾನು ಮಗುವಿನ ಹೆಸರು ಕರೆಯುತ್ತಲೇ ಇದ್ದೆ. ಅವಳು ಒಮ್ಮೆ ಕಣ್ಣು ತೆರೆದು, ನನ್ನ ಸೀರೆಯ ಮೇಲೆ ವಾಂತಿ ಮಾಡಿ, ಮತ್ತೆ ಮುಚ್ಚಿಕೊಂಡಳು. ಕಾರಿನೊಳಗೆ ಮಲ್ಲಿಗೆಯ ಘಮಘಮ. ಬುಟ್ಟಿಯನ್ನು ಕಿತ್ತು ಕಿಟಕಿಯಿಂದ ಬಿಸಾಡಬೇಕೆನಿಸಿತು, ಆದರೆ ಮಗುವಿನ ತಲೆಯಿಂದ ಕೈ ತೆಗೆಯಲು ಹೆದರಿಕೆ.

ಆಸ್ಪತ್ರೆಯಲ್ಲಿ ಹುಬ್ಬಿಗೆ ಹೊಲಿಗೆ ಹಾಕುವಾಗ ಅವಳು ಅತ್ತಳು. ಬಾಗಿಲ ಹೊರಗೆ ನಿಂತು ಅದನ್ನು ಕೇಳಿ ನಾನು ಗೋಡೆಗೆ ಹಣೆ ಒತ್ತಿ ಅತ್ತುಬಿಟ್ಟೆ. ಇವರು ನನ್ನ ಹತ್ತಿರ ಬಂದು ಏನೋ ಹೇಳಲು ಹೊರಟರು, ನಾನು ಮುಖ ತಿರುಗಿಸಿದೆ. ಇವರ ಮೇಲೆ ಕೋಪ ಕುದಿಯುತ್ತಿತ್ತು. ಅದರ ಅಡಿಯಲ್ಲಿ ಇನ್ನೊಂದು ಇತ್ತು, ಅದು ನನ್ನ ಮೇಲಿನದ್ದು. ಎಂಜಿನ್ ಆರಿಸಿದ್ದು ಇವರು. ಹೂವಿಗೆ ಬಕಲು ಹಾಕಿದ್ದು ನಾನು.

ತಲೆಗೆ ಪೆಟ್ಟಾದ್ದರಿಂದ ಒಂದು ದಿನ ನೋಡಬೇಕು ಎಂದರು ಡಾಕ್ಟರು. ಆ ಒಂದು ದಿನ ಅವಳು ಆಕಳಿಸಿದರೂ ನನಗೆ ಜೀವ ಹಾರುತ್ತಿತ್ತು. ಮರುದಿನ ಮಧ್ಯಾಹ್ನ ಅವಳು ಬಿಸ್ಕತ್ತು ಕೇಳಿದಳು. ಸಂಜೆಗೆ ಮನೆಗೆ ಕೊಂಡುಹೋಗಬಹುದು ಎಂದರು.

ಕಾರಿನ ಹತ್ತಿರ ಬಂದೆವು. ಹೂವನ್ನು ಎಲ್ಲರೂ ಮರೆತೇಬಿಟ್ಟಿದ್ದೆವು, ಅದು ನಿನ್ನೆಯಿಂದ ಅಲ್ಲೇ ಇತ್ತು. ಅತ್ತೆ ಬಾಳೆಲೆ ಬಿಡಿಸಿ ನೋಡಿದರು. ಎಲ್ಲ ಮೊಗ್ಗೂ ಅರಳಿ ಅಂಚು ಕೆಂಪಗಾಗಿತ್ತು. ಆದರೆ ಒಂದೇ ಒಂದು ಚೆಂಡೂ ನಲುಗಿರಲಿಲ್ಲ. ಆಮೇಲೆ ಬಕಲಿನ ಮೇಲೆ ಅಲ್ಲಿ ಇಲ್ಲಿ ಒತ್ತಿ ನೋಡಿದರು. ಅದನ್ನು ಬಿಡಿಸುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ, ಅದು ಯಾವಾಗಲೂ ನನ್ನ ಕೆಲಸ. ನಾನು ಕೆಂಪು ಗುಂಡಿ ಒತ್ತಿದೆ. ಅವರು ಬುಟ್ಟಿಯನ್ನು ಎತ್ತಿಕೊಂಡು ಪಕ್ಕದಲ್ಲಿ ಕುಳಿತು, ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

"ಮಗುವನ್ನು ಅದರಲ್ಲಿ ಕಟ್ಟು," ಎಂದರು. "ಇನ್ನು ಮೇಲೆ ಹೂವು ನನ್ನ ಮಡಿಲಲ್ಲಿ. ಅರಳಿದರೆ ಅರಳಲಿ."

ಮಗು ಬೊಬ್ಬೆ ಹೊಡೆದಳು, ಕಾಲು ಝಾಡಿಸಿದಳು. ಯಾರೂ ಸುಮ್ಮನಿರಿಸಲು ಹೋಗಲಿಲ್ಲ. ಇವರು ಎಂಜಿನ್ ಚಾಲೂ ಮಾಡಿ, ನನ್ನ ಕೆಲಸ ಮುಗಿಯಲೆಂದು ಕಾದರು. ಅವಳ ಒದ್ದಾಟಕ್ಕೆ ಬಕಲು ಎರಡು ಸಲ ತಪ್ಪಿತು. ಮೂರನೆಯ ಸಲ ಟಕ್ ಎಂದಿತು. ಅಷ್ಟು ತಿಂಗಳು ನಾನು ಆ ಶಬ್ದವನ್ನು ಹೂವಿನ ಬುಟ್ಟಿಯಿಂದ ಕೇಳುತ್ತಲೇ ಇದ್ದೆ.