ಭೈರೇಶನ ಬೆರಳುಗಳು

ಹೊಸೂರಿನ ಬಾಗಲೂರು ರಸ್ತೆಯಲ್ಲಿ ಕಾರುಗಳಿಗೆ ಪಾಲಿಶ್ ಮಾಡುವ ಶೆಡ್ಡುಗಳು ಹಲವಿವೆ. ವಾಸುವಿನ ಶೆಡ್ಡಿಗೆ ಬರುವವರು ಮಾತ್ರ ಮಾಲೀಕನನ್ನು ವಿಚಾರಿಸುತ್ತಿರಲಿಲ್ಲ. ಗಾಡಿಯಿಂದ ಇಳಿಯುತ್ತಲೇ "ಭೈರೇಶ್ ಇದ್ದಾರಾ?" ಎನ್ನುತ್ತಿದ್ದರು.

ಭೈರೇಶನ ಊರು ಜವಳಗಿರಿಯ ಹತ್ತಿರದ ಒಂದು ಹಳ್ಳಿ. ಮೊದಲು ಹೊಸೂರಿನ ಒಂದು ಕಾರ್ಖಾನೆಯ ಪೇಂಟ್ ವಿಭಾಗದಲ್ಲಿ ಕಾಂಟ್ರಾಕ್ಟ್ ಕೆಲಸದಲ್ಲಿದ್ದ. ಅಲ್ಲಿ ಜನರನ್ನು ಕಡಿಮೆ ಮಾಡಿದಾಗ ವಾಸುವಿನ ಶೆಡ್ಡಿಗೆ ಬಂದು ಸೇರಿದ. ಇಲ್ಲಿ ಅವನದು ಒಂದೇ ಕೆಲಸ, ಗೀರು ತೆಗೆಯುವುದು.

ಕಾರಿನ ಬಣ್ಣದ ಮೇಲೆ ಗಾಜಿನಂತೆ ತಿಳಿಯಾದ ಇನ್ನೊಂದು ಪದರ ಇರುತ್ತದೆ. ಶೆಡ್ಡಿನವರು ಅದನ್ನು ಕ್ಲಿಯರ್ ಕೋಟ್ ಎನ್ನುತ್ತಾರೆ. ಗೀರು ಆ ಪದರದಲ್ಲೇ ನಿಂತಿದ್ದರೆ ತೆಗೆಯಬಹುದು, ಬಣ್ಣಕ್ಕೇ ಇಳಿದಿದ್ದರೆ ಆಗದು. ಭೈರೇಶ್ ಗೀರಿಗೆ ಅಡ್ಡವಾಗಿ ಉಗುರು ಎಳೆಯುತ್ತಿದ್ದ. ಉಗುರು ತಡೆಯದೆ ಜಾರಿದರೆ ಮೆಷಿನ್ ಎತ್ತಿಕೊಳ್ಳುತ್ತಿದ್ದ. ಗೀರು ತೆಗೆಯುವುದೆಂದರೆ ಅದನ್ನು ತುಂಬುವುದಲ್ಲ, ಸುತ್ತಲಿನ ಪದರವನ್ನೇ ಅದರ ಆಳದವರೆಗೆ ಸವೆಸುವುದು. ಗರಗರ ತಿರುಗುವ ಮೆಷಿನ್ನನ್ನು ಒಂದೇ ಕಡೆ ಒತ್ತಿ ಹಿಡಿದರೆ ತಗಡು ಕಾದು ಪದರ ಸುಟ್ಟುಹೋಗುತ್ತದೆ. ಅದಕ್ಕೇ ಅವನು ಆಗಾಗ ಮೆಷಿನ್ ನಿಲ್ಲಿಸಿ, ತಗಡನ್ನು ಬೆರಳಿನಿಂದ ಮುಟ್ಟಿ ಬಿಸಿ ನೋಡುತ್ತಿದ್ದ.

ಬೆರಳುಗಳು ಮೊದಲು ಜುಮುಗುಡತೊಡಗಿದವು. ಊಟಕ್ಕೆ ಕುಳಿತಾಗಲೂ ಮೆಷಿನ್ ಇನ್ನೂ ಕೈಯಲ್ಲೇ ಅದುರುತ್ತಿದೆ ಅನ್ನಿಸುತ್ತಿತ್ತು. ಚಳಿಗಾಲ ಬಂದಾಗ ಬೆಳಗಿನ ಹೊತ್ತು ತುದಿಗಳು ಸುಣ್ಣದಂತೆ ಬೆಳ್ಳಗಾಗತೊಡಗಿದವು. ಅವನು ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಬಿಸಿಲು ಏರಲಿ ಎಂದು ಕಾಯುತ್ತಿದ್ದ. ಯಾರಿಗೂ ಹೇಳಲಿಲ್ಲ.

ಹೆಂಡತಿ ಇಂದ್ರಮ್ಮನಿಗೆ ಅದು ಗೊತ್ತಾದದ್ದು ಮಗಳ ಜ್ವರದಿಂದ. ಅಂದು ಸಂಜೆ ಭೂಮಿಕಾ ಶಾಲೆಯಿಂದ ಬಂದವಳೇ ಚಾಪೆಯ ಮೇಲೆ ಮುದುರಿಕೊಂಡಿದ್ದಳು. ಇಂದ್ರಮ್ಮ ಗುಲಾಬಿ ಬೆಳೆಯುವ ತೋಟದ ಕೆಲಸದಿಂದ ಬರುವಷ್ಟರಲ್ಲಿ ಭೈರೇಶ್ ಮಗಳ ಹಣೆ ಮುಟ್ಟಿ ನೋಡಿದ್ದ.

"ಮುಟ್ಟಿ ನೋಡ್ದೆ, ಜ್ವರ ಗಿರ ಏನಿಲ್ಲ ಕಣೆ. ಸುಸ್ತಾಗಿ ಮಲಗವ್ಳೆ" ಎಂದ.

ಇಂದ್ರಮ್ಮ ಹೊದಿಕೆ ಸರಿಸಿ ಮುಟ್ಟಿದವಳು ಬೆಚ್ಚಿಬಿದ್ದಳು. "ಅಯ್ಯೋ, ಮೈ ಕೆಂಡ ಆಗೈತೆ! ಮುಟ್ಟಿ ನೋಡ್ದೆ ಅಂದ್ಯಲ್ಲ?"

ಭೈರೇಶ್ ತನ್ನ ಬೆರಳುಗಳನ್ನು ನೋಡಿಕೊಂಡ. ಮಗಳಿಗೆ ಮಾತ್ರೆ ಕೊಟ್ಟು, ಒದ್ದೆ ಬಟ್ಟೆ ಹಾಕಿದ ಮೇಲೆ ಇಂದ್ರಮ್ಮ ಅವನ ಎದುರು ಕುಳಿತಳು. ಅವನ ಬಲಗೈ ಎಳೆದುಕೊಂಡು ಬೆರಳ ತುದಿಯನ್ನು ಉಗುರಿನಿಂದ ಬಲವಾಗಿ ಚಿವುಟಿದಳು.

"ಗೊತ್ತಾಯ್ತದಾ?"

"ಇಲ್ಲ."

"ಯಾವಾಗ್ಲಿಂದ ಇಂಗೆ?"

"ಹೋದ ಚಳಿಗಾಲ್ದಿಂದ."

ಮಗಳಿಗೆ ವಾಸಿಯಾದ ಮೇಲೆ ಇಂದ್ರಮ್ಮನೇ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಬೆರಳುಗಳನ್ನು ಸೂಜಿಯಿಂದ ಚುಚ್ಚಿ ನೋಡಿ, "ಮೆಷಿನ್ ವೇಲೆ ವಿಟ್ಟುಡುಂಗ" ಎಂದರು. ಮೆಷಿನ್ ಕೆಲಸ ಬಿಟ್ಟುಬಿಡಿ, ಅದರ ಅದುರಾಟಕ್ಕೇ ಬೆರಳಿನ ನರ ಕೆಟ್ಟಿವೆ, ಹೋದ ಸ್ಪರ್ಶ ವಾಪಸು ಬರುವುದು ಕಷ್ಟ, ಇರುವುದನ್ನಾದರೂ ಉಳಿಸಿಕೊಳ್ಳಿ ಎಂದು ತಮಿಳಿನಲ್ಲೇ ಬಿಡಿಸಿ ಹೇಳಿದರು.

"ಬುಟ್ಬುಡು" ಎಂದಳು ಇಂದ್ರಮ್ಮ ಬಸ್ಸಿನಲ್ಲಿ. "ನಾನು ದುಡೀತಿಲ್ವಾ?"

"ಕಣ್ಣು ಚೆನ್ನಾಗೈತಲ್ಲ. ನೋಡ್ಕಂಡು ಮಾಡ್ತೀನಿ" ಎಂದ ಭೈರೇಶ್. ಜನ ತನ್ನ ಹೆಸರು ಹಿಡಿದು ಹುಡುಕಿಕೊಂಡು ಬರುವ ಜಾಗ ಅದೊಂದೇ ಎಂಬುದನ್ನು ಅವನು ಹೇಳಲಿಲ್ಲ. ಅವಳಿಗೆ ಅದು ತಿಳಿಯದೆಯೂ ಇರಲಿಲ್ಲ.

ಆಮೇಲೆ ಬಂದದ್ದು ರಮಾದೇವಿಯವರ ಕಾರು. ತಳಿ ಎಂಬ ಊರಿನ ಕನ್ನಡ ಶಾಲೆಯಲ್ಲಿ ಅವರು ಟೀಚರು. ಕಡು ನೀಲಿ ಬಣ್ಣದ ಆ ಕಾರನ್ನು ವರ್ಷವರ್ಷವೂ ಪಾಲಿಶ್‌ಗೆ ತರುತ್ತಿದ್ದವರು ಅವರ ಯಜಮಾನರು ಉಮಾಶಂಕರ್. ಈ ಸಲ ತಮ್ಮನ ಕೈಯಲ್ಲಿ ಓಡಿಸಿಕೊಂಡು ರಮಾದೇವಿಯೇ ಬಂದರು. ಎಡಗಡೆಯ ಎರಡು ಬಾಗಿಲುಗಳ ಮೇಲೂ ಉದ್ದಕ್ಕೆ ಗೀರುಗಳಿದ್ದವು.

"ಸಾರ್ ಬರ್ಲಿಲ್ವಾ ಟೀಚರಮ್ಮ?" ಎಂದು ಭೈರೇಶ್ ಕೇಳಿದ.

ಅವರು ಬಾಗಿಲಿನ ಗೀರುಗಳ ಕಡೆ ತಿರುಗಿದರು. "ಅವ್ರು ಹೋಗ್ಬಿಟ್ರಪ್ಪ. ಅಂಚೆಟ್ಟಿ ರಸ್ತೇಲಿ ಬರ್ತಾ ಎದೆ ಹಿಡ್ಕೊಂಡ್ರು. ಬಲಗಡೆ ಕಣಿವೆ. ಹೆಂಗೋ ಎಡಕ್ಕೆ ತಿರುಗ್ಸಿ ಲಂಟಾನ ಪೊದೆಗೆ ನುಗ್ಸಿ ನಿಲ್ಸಿದ್ರು. ನಾನು ಪಕ್ಕದಲ್ಲೇ ಇದ್ದೆ. ಆ ಮುಳ್ಳು ಬಾಗಿಲಿಗೆ ಪರಪರ ಉಜ್ಜಿದ್ದು ಇವತ್ತಿಗೂ ಕಿವಿಯಲ್ಲೈತೆ. ಕಾರು ಮಾರೋಕೆ ಮನಸ್ಸಿಲ್ಲ. ಈ ಗೀರು ಮಾತ್ರ ಕಣ್ಣಿಗೆ ಬೀಳಬಾರ್ದು."

ಭೈರೇಶ್ ಉಗುರು ಎಳೆದು ನೋಡಿದ. ತಡೆಯಿತೋ ಜಾರಿತೋ ತಿಳಿಯಲಿಲ್ಲ. ಬೆಳಕಿಗೆ ಓರೆಯಾಗಿ ಬಗ್ಗಿ ನೋಡಿ, ಮೇಲ್ಪದರದಲ್ಲೇ ಇವೆ ಎಂದುಕೊಂಡ. "ಹೋಗ್ತವೆ ಟೀಚರಮ್ಮ" ಎಂದ.

ಮುಂದಿನ ಬಾಗಿಲು ಚೆನ್ನಾಗಿಯೇ ಬಂತು. ಗೀರುಗಳು ಒಂದೊಂದಾಗಿ ಅಳಿಸಿ, ನೀಲಿಯಲ್ಲಿ ಶೆಡ್ಡಿನ ತಗಡು ಚಾವಣಿ ಕಾಣಿಸತೊಡಗಿತು. ಹಿಂದಿನ ಬಾಗಿಲಿನ ಅಂಚಿನ ಹತ್ತಿರ ಒಂದು ಗೀರು ಹಟ ಹಿಡಿದಿತ್ತು. ಅಂಚಿನಲ್ಲಿ ಪದರ ಇನ್ನೂ ತೆಳು ಎಂದು ಅವನಿಗೆ ಗೊತ್ತಿತ್ತು. ಮೆಷಿನ್ ನಿಲ್ಲಿಸಿ ಮುಟ್ಟಿದ. ಬಿಸಿ ಅನ್ನಿಸಲಿಲ್ಲ. ಮತ್ತೆ ಒತ್ತಿದ. ಸುಟ್ಟ ವಾಸನೆ ಮೂಗಿಗೆ ಬಡಿದು ಮೆಷಿನ್ ಎತ್ತುವಷ್ಟರಲ್ಲಿ ಅದರ ಬಿಳಿ ಉಣ್ಣೆಯ ಪ್ಯಾಡು ನೀಲಿಯಾಗಿತ್ತು. ಬಾಗಿಲ ಮೇಲೆ ಬಣ್ಣ ಎದ್ದುಹೋಗಿ ಅಂಗೈಯಗಲ ಬೂದು ಮಚ್ಚೆ ಉಳಿದಿತ್ತು.

ಸಂಜೆ ರಮಾದೇವಿ ಬಂದಾಗ ವಾಸು ಮುಂದೆ ಬಂದು, "ಇಲ್ಲಿ ಹಿಂದೆ ಯಾರೋ ರೀಪೇಂಟ್ ಮಾಡವ್ರೆ ಮೇಡಂ. ಪದರ ತೀರಾ ತೆಳುವಿತ್ತು. ಬಾಗ್ಲಿಗೆ ಪೂರ್ತಿ ಬಣ್ಣ ನಾವೇ ಹೊಡ್ಕೊಡ್ತೀವಿ" ಎಂದ.

"ಯಾರೂ ಮಾಡ್ಸಿಲ್ಲ. ಅವ್ರು ನಿಮ್ಮ ಶೆಡ್ಡು ಬಿಟ್ಟು ಬೇರೆಲ್ಲೂ ಹೋದೋರಲ್ಲ" ಎಂದರು ರಮಾದೇವಿ.

"ರೀಪೇಂಟ್ ಅಲ್ಲ ಟೀಚರಮ್ಮ" ಎಂದ ಭೈರೇಶ್. "ನಾನೇ ಸುಟ್ಟಿದ್ದು. ಕೈಯಾಗೆ ಸ್ಪರ್ಶ ಇಲ್ಲ. ಕಾದಿದ್ದು ತಿಳೀಲಿಲ್ಲ."

ವಾಸು ಅವನ ಮುಖವನ್ನೇ ನೋಡಿದ. ರಮಾದೇವಿ ಮಚ್ಚೆಯ ಮೇಲೆ ಕೈಯಿಟ್ಟು ನಿಂತರು. ಅವರ ದನಿಯಲ್ಲಿ ಕೋಪ ಇರಲಿಲ್ಲ, ಸಮಾಧಾನವೂ ಇರಲಿಲ್ಲ.

"ಗೊತ್ತಿದ್ದೂ ಯಾಕಪ್ಪ ಮುಟ್ಟಿದೆ?"

ಬಣ್ಣ ಹೊಡೆಯುವುದು ಬೇಡವೆಂದು ಅವರು ಕಾರನ್ನು ಹಾಗೆಯೇ ತೆಗೆದುಕೊಂಡು ಹೋದರು. ಅದನ್ನು ಕೃಷ್ಣಗಿರಿಯಲ್ಲಿರುವ ತಮ್ಮನಿಗೆ ಕೊಟ್ಟುಬಿಟ್ಟರೆಂದು ಆಮೇಲೆ ಯಾರೋ ಹೇಳಿದರು.

"ನಂಗೊಂದ್ ಮಾತು ಹೇಳೋದಲ್ವಾ ಭೈರೇಶಣ್ಣ?" ಎಂದಷ್ಟೇ ಅಂದ ವಾಸು. ಕೆಲಸದಿಂದ ತೆಗೆಯಲಿಲ್ಲ. ಗಾಡಿ ತೊಳೆಯುವ ಕಡೆ ಹಾಕಿದ. ಆದರೆ ತಣ್ಣೀರು ಬಿದ್ದ ಕೂಡಲೇ ಬೆರಳುಗಳು ಬಿಳುಪೇರಿ ಮರಗಟ್ಟುತ್ತಿದ್ದವು. ಪೈಪು ಕೈಜಾರಿ ಬೀಳುತ್ತಿತ್ತು. ಗೇಟಿನಲ್ಲಿ ಯಾರಾದರೂ ತನ್ನ ಹೆಸರು ಕೇಳಿದರೆ ಅವನು ನೀರಿನ ತೊಟ್ಟಿಯ ಹಿಂದೆ ಸರಿಯುತ್ತಿದ್ದ. ಮಳೆಗಾಲ ಮುಗಿಯುವ ಮೊದಲೇ ಕೆಲಸ ಬಿಟ್ಟ.

ಇಂದ್ರಮ್ಮ ತಾನು ದುಡಿಯುವ ಗುಲಾಬಿ ತೋಟದಲ್ಲೇ ಹೇಳಿ ಅವನನ್ನು ಸೇರಿಸಿದಳು. ಮೊದಲು ಹೂವಿನ ಕಟ್ಟು ಕಟ್ಟಲು ಕೂರಿಸಿದರು. ಮುಳ್ಳು ಚುಚ್ಚಿದ್ದು ಅವನಿಗೆ ತಿಳಿಯುತ್ತಿರಲಿಲ್ಲ. ಬಿಳಿ ಗುಲಾಬಿಗಳಿಗೆ ಸುತ್ತಿದ ಕಾಗದದ ಮೇಲೆ ರಕ್ತದ ಗುರುತು ಕಂಡ ಸೂಪರ್‌ವೈಸರು ಅವನನ್ನು ಅಲ್ಲಿಂದ ಎಬ್ಬಿಸಿದರು. ಈಗ ಕತ್ತರಿಸಿದ ಕಡ್ಡಿ, ಉದುರಿದ ಎಲೆಗಳನ್ನು ಗುಡಿಸಿ ಹೊರಗೆ ಸುರಿಯುತ್ತಾನೆ.

ಬೆಳಿಗ್ಗೆ ಅವನ ಅಂಗಿಯ ಗುಂಡಿ ಹಾಕುವುದು ಇಂದ್ರಮ್ಮನೇ. ಭೂಮಿಕಾ ಅಲ್ಲೇ ಇದ್ದರೆ ಅವನು ಗೋಡೆಯ ಕಡೆ ತಿರುಗಿ ನಿಲ್ಲುತ್ತಾನೆ.