ಶಿವದಾರದ ಕೀಲಿಕೈ

"ಅಯ್ಯಾರಿಗಿ ವಯಸ್ಸಾಯ್ತು, ಗೇಟಿಗಿ ಕೀಲಿ ಹಾಕೂದು ಮರ್ತಾರ, ನೌಕರಿ ಹೋಗ್ಯದ" ಎನ್ನುತ್ತಾರೆ ನಮ್ಮೂರು ಕಾಸಾರಶಿರಸಿಯವರು. ನಾನು ಒಪ್ಪುವುದಿಲ್ಲ.

ಪಕ್ಕದ ಮನೆಯ ಅಯ್ಯನವರು ಪ್ರಾಣಿಸಂಗ್ರಹಾಲಯದಲ್ಲಿ ಜಿಂಕೆಗಳನ್ನು ನೋಡಿಕೊಳ್ಳುತ್ತಿದ್ದರು. ಹುಟ್ಟಿದ ಪ್ರತಿ ಮರಿಯ ಹಣೆಗೂ ವಿಭೂತಿ ಹಚ್ಚುತ್ತಿದ್ದರು. ಜಿಂಕೆ ಹೆಚ್ಚಾದವು, ಇನ್ನು ಮರಿ ಬೇಡವೆಂದು ಸಾಹೇಬರು ಗಂಡು ಹೆಣ್ಣುಗಳನ್ನು ಬೇರೆ ಮಾಡಿಸಿದರು. ನಡುವಿನ ಗೇಟಿನ ಕೀಲಿಕೈ ಅಯ್ಯನವರಿಗೆ ಬಂತು.

"ಹುಲಿಗಿ ಜಾಗಾ ಅದ, ಚಿಗರಿಗಿ ಇಲ್ಲೋ ತಮ್ಮಾ," ಎನ್ನುತ್ತಲೇ ಇರುತ್ತಿದ್ದರು, ಮೊಣಕಾಲು ಒತ್ತಿಕೊಳ್ಳುತ್ತಾ.

ಮರುವರ್ಷ ಮತ್ತೊಂದು ಮರಿ ಹುಟ್ಟಿತು. ಅದರ ಹಣೆಯಲ್ಲೂ ವಿಭೂತಿಯಿತ್ತು.

"ಕೀಲಿ ಹಾಕೂದು ಮರ್ತಿದ್ದೆರೀ ಸಾಹೇಬ್ರ," ಅಂದರಂತೆ.

ಆದರೆ ಕೀಲಿಕೈಯನ್ನು ಅವರು ಕಟ್ಟಿಕೊಂಡಿದ್ದು ಕೊರಳಿನ ಶಿವದಾರಕ್ಕೆ, ಇಷ್ಟಲಿಂಗದ ಪಕ್ಕದಲ್ಲೇ. ಒಮ್ಮೆ ಕೇಳಿಯೇಬಿಟ್ಟೆ:

"ಅಯ್ಯಾರ, ಖರೇ ಹೇಳ್ರಿ. ಲಿಂಗಪೂಜಿನೂ ಒಮ್ಮ್ಯಾರ ಮರ್ತೀರೇನ್ರೀ?"