ನಾನೂರ ಹನ್ನೆರಡು ಹೆಜ್ಜೆ

ತಾಮ್ರದ ಗಣಿಗಳ ಬ್ಯೂಟ್ ಪಟ್ಟಣದ ಗುಡ್ಡದ ಮಗ್ಗುಲಿಗೆ ಅಂಟಿಕೊಂಡಿದ್ದ ಮೀಡರ್‌ವಿಲ್ ಕೇರಿಯಲ್ಲಿ, ಜೆಲಿಂದಾಳ ಹಿತ್ತಿಲ ಬೇಲಿಯಿಂದ ಮೂರು ಮಾರು ಆಚೆ, ಓಣಿಯ ಅಂಚಿನಲ್ಲಿ ಒಂದು ಕಬ್ಬಿಣದ ಸಲಾಕೆ ನೆಟ್ಟಿತ್ತು. ಗಣಿಯಲ್ಲಿ ಬಂಡೆ ಕೊರೆಯುವ ಸಲಾಕೆ ಅದು. ಮೊಣಕಾಲೆತ್ತರ ಮಾತ್ರ ಹೊರಗೆ ಕಾಣುತ್ತಿತ್ತು. ಹೊಸಬರು ಎಡವುತ್ತಿದ್ದರು, ಕೇರಿಯವರು ಎಡವುತ್ತಿರಲಿಲ್ಲ. ಅದರ ನೇರ ಕೆಳಗೆ ಮುನ್ನೂರು ಅಡಿ ಆಳದಲ್ಲಿ ಜೆಲಿಂದಾಳ ಗಂಡ ಬತ್ತಿಸ್ತಾ ಇದ್ದಾನೆ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ಗಣಿಯ ಮೇಲಿನ ಹಂತದ ಸುರಂಗದಲ್ಲಿ ಆಸರೆಗೆ ನಿಲ್ಲಿಸಿದ್ದ ಮರಕ್ಕೆ ಬೆಂಕಿ ಬಿತ್ತು. ಉಳಿದವರೆಲ್ಲ ಹೊರಗೆ ಬಂದರು, ಬತ್ತಿಸ್ತಾ ಬರಲಿಲ್ಲ. ಅವನ ಜೊತೆಗಾರ ಒತ್ತೊರಿನೊ ಬೆಣೆ ತರಲು ಅತ್ತ ಹೋಗಿದ್ದವನು, ತಿರುಗಿ ಬರುವಷ್ಟರಲ್ಲಿ ಹೊಗೆ ತುಂಬಿಕೊಂಡಿತ್ತು. ನಾಲ್ಕು ದಿನ ಕಾದು, ಬೆಂಕಿ ಆರಲೆಂದು ಸುರಂಗದ ಬಾಯಿಗೆ ಸಿಮೆಂಟಿನ ಗೋಡೆ ಕಟ್ಟಿದರು. ಆ ಗೋಡೆಯನ್ನು ಮತ್ತೆ ಯಾರೂ ಒಡೆಯಲಿಲ್ಲ. ಜೆಲಿಂದಾಳಿಗೆ ಆಗ ಇಪ್ಪತ್ತಾರು ವರ್ಷ. ಮಕ್ಕಳಿರಲಿಲ್ಲ.

ಅಡ್ಡ ಬೀಳಲು ಒಂದು ಗೋರಿಯೂ ಇಲ್ಲವಲ್ಲ ಎಂದು ಅವಳು ಒಂದೇ ಒಂದು ಸಲ ಅಂದಳು. ಮರುದಿನ ಒತ್ತೊರಿನೊ ಬಂದು, ತೋರಿಸುತ್ತೇನೆ ಬಾ ಎಂದ. ದೀಪ ಆರಿದರೆ ದಾರಿ ಸಿಗಲಿ ಎಂದು ಅಲ್ಲಿನ ಕೆಲಸದವರೆಲ್ಲ ಒಳಗೆ ಹೆಜ್ಜೆ ಎಣಿಸಿಯೇ ನಡೆಯುವುದು. ಗಣಿಗೆ ಇಳಿಯುವ ಇಳಿಬಾವಿಯಿಂದ ಬತ್ತಿಸ್ತಾ ಕೊರೆಯುತ್ತಿದ್ದ ಕೊನೆಯವರೆಗೆ ನಾನೂರ ಹನ್ನೆರಡು ಹೆಜ್ಜೆ ಎಂದು ಒತ್ತೊರಿನೊ ಎಂಟು ತಿಂಗಳು ಎಣಿಸಿದ್ದ. ಆ ಬಾವಿಯ ಮೇಲಿನ ಕಬ್ಬಿಣದ ಗೋಪುರದ ಬುಡದಲ್ಲಿ ನಿಂತು, ಕೆಳಗೆ ಹೇಗೆ ತಿರುಗುತ್ತಿದ್ದನೋ ಹಾಗೆ ತಿರುಗಿ, ಬಾಯಲ್ಲಿ ಎಣಿಸುತ್ತಾ ಹೊರಟ. ಬೇಕರಿ ದಾಟಿದ. ಚರ್ಚಿನ ಮೆಟ್ಟಿಲಿನ ಮುಂದೆ ಹಾದ. ಯಾರದೋ ಕೋಳಿಗೂಡು ಅಡ್ಡ ಬಂದರೆ ಅದನ್ನು ಹತ್ತಿ ಇಳಿದ. ಓಣಿಯ ಅಂಚಿನಲ್ಲಿ ನಿಂತು, ಇಲ್ಲಿ ಎಂದ. ಸಲಾಕೆ ತಂದು ಹೊಡೆದ. ಕೇರಿಯ ಗಂಡಸರೆಲ್ಲ ನೋಡುತ್ತಾ ನಿಂತಿದ್ದರು. ಎಲ್ಲರೂ ಗಣಿಯವರೇ, ಲೆಕ್ಕ ಸರಿ ಎಂದು ಎಲ್ಲರೂ ತಲೆಯಾಡಿಸಿದರು.

ಜೆಲಿಂದಾ ಆ ಸಲಾಕೆಗೆ ಹತ್ತಿರದ ಮನೆಯನ್ನೇ ಹಿಡಿದಳು. ಗಣಿಯವರಿಗೆ ಊಟ ಹಾಕಿ ಬದುಕಿದಳು. ನವೆಂಬರ್ ಎರಡು ಸತ್ತವರ ದಿನ. ಆ ದಿನ ಅವಳ ತವರು ನಾಡಿನವರು ಸತ್ತವರಿಗೆಂದು ಊಟ ಬಡಿಸಿ, ಬಾಯಾರಿ ಬಂದಿರುತ್ತಾರೆಂದು ಒಂದು ಬಕೀಟು ನೀರಿಡುತ್ತಾರೆ. ಅವಳು ಗಂಡನ ತಗಡಿನ ಊಟದ ಡಬ್ಬಿಗೆ ರೊಟ್ಟಿ, ಬೇಯಿಸಿದ ಚೆಸ್ಟ್‌ನಟ್ ಕಾಯಿ ತುಂಬಿ ಸಲಾಕೆಯ ಬುಡದಲ್ಲಿಡುತ್ತಿದ್ದಳು. ಪಕ್ಕದಲ್ಲಿ ನೀರು, ಒಂದು ಲೋಟ ವೈನು. ಒತ್ತೊರಿನೊ ತಪ್ಪದೆ ಬರುತ್ತಿದ್ದ. ವೈನು ಅವನ ಪಾಲಾಗುತ್ತಿತ್ತು.

“ರೊಟ್ಟಿಗೆ ಉಪ್ಪು ಕಮ್ಮಿ ಅಂತ ಹೇಳೋಕಾದ್ರೂ ಮೇಲೆ ಬರ್ತಾನೆ ನೋಡು ಅವನು,” ಎನ್ನುತ್ತಿದ್ದ.

“ಬರ್ಲಿ. ನೀನು ಕುಡಿದು ಮುಗಿಸಿದ ಲೋಟ ಎಲ್ಲಾ ತೋರಿಸ್ತೀನಿ,” ಎನ್ನುತ್ತಿದ್ದಳು ಅವಳು.

ಮೂವತ್ತೊಂದು ವರ್ಷ ಹೀಗೇ ನಡೆಯಿತು. ಅಷ್ಟರಲ್ಲಿ ಕಂಪನಿಯವರು ಸುರಂಗದ ಕೆಲಸ ಬಿಟ್ಟು ಗುಡ್ಡವನ್ನೇ ಮೇಲಿನಿಂದ ಅಗೆಯತೊಡಗಿದ್ದರು. ಗುಂಡಿ ಅಗಲವಾಗುತ್ತಾ ಕೇರಿಯ ಕಡೆಗೆ ಬಂತು. ಮಧ್ಯಾಹ್ನ ಸಿಡಿಮದ್ದು ಹಾರಿಸಿದರೆ ಕಪಾಟಿನ ಬಟ್ಟಲುಗಳು ನಡುಗುತ್ತಿದ್ದವು, ಕೆಂಪು ದೂಳು ಬಂದು ಕಿಟಕಿಗೆ ಕೂರುತ್ತಿತ್ತು. ಒಬ್ಬೊಬ್ಬರೇ ಮನೆ ಕೊಟ್ಟು ಕೆಳಗಿನ ಬಯಲಿಗೆ ಹೋದರು. ಬೇಕರಿ ಮುಚ್ಚಿತು. ಚರ್ಚಿನ ಗಂಟೆಯನ್ನು ಇಳಿಸಿದರು. ಅರವತ್ತೆರಡರ ಅಕ್ಟೋಬರಿನಲ್ಲಿ ಆ ಓಣಿಯಲ್ಲಿ ಹೊಗೆಯಾಡುತ್ತಿದ್ದದ್ದು ಜೆಲಿಂದಾಳ ಒಲೆ ಒಂದೇ.

ಕಂಪನಿಯ ಜನ ನಾಲ್ಕು ಸಲ ಬಂದರು. ನಾಲ್ಕು ಸಲವೂ ಅವಳು ಕಾಫಿ ಕೊಟ್ಟು ಒಂದೇ ಮಾತು ಹೇಳಿದಳು. ಮನೆ ಕೊಡುತ್ತೇನೆ, ಆದರೆ ಸಲಾಕೆಯ ಜಾಗ ಅಗೆಯುವ ದಿನ ನನಗೆ ಹೇಳಬೇಕು. ಪಾದ್ರಿಯನ್ನು ಕರೆದುಕೊಂಡು ನಾನು ಅಲ್ಲಿ ನಿಲ್ಲುತ್ತೇನೆ. ಮುನ್ನೂರು ಅಡಿ ತಲುಪಿದಾಗ ಯಂತ್ರ ನಿಲ್ಲಿಸಿ ಕೈಯಿಂದ ಅಗೆಯಬೇಕು. ಸಿಕ್ಕಷ್ಟನ್ನು ನನ್ನ ಕೈಗೆ ಕೊಡಬೇಕು. ಅದಕ್ಕೆಂದೇ ಪೆಟ್ಟಿಗೆಯಲ್ಲಿ ಒಂದು ಬಿಳಿ ಮೇಜುಬಟ್ಟೆ ತೊಳೆದು ಇಸ್ತ್ರಿ ಮಾಡಿ ಇಟ್ಟಿದ್ದಳು.

ಐದನೆಯ ಸಲ ಬಂದವನು ಟ್ರೆಗಿಯರ್ ಎಂಬ, ಕಂಪನಿಯ ನಕ್ಷೆ ಬರೆಯುವವನು. ತಲೆ ನರೆತವನು, ಅವನ ಅಪ್ಪನೂ ಗಣಿಯಲ್ಲೇ ಸತ್ತವನು. ಬಾಗಿಲಲ್ಲೇ ಟೊಪ್ಪಿಗೆ ತೆಗೆದ. ಒತ್ತೊರಿನೊ ಅಂದು ಒಲೆಯ ಹತ್ತಿರ ಕುಳಿತು ಕೆಮ್ಮುತ್ತಿದ್ದ. ಕಲ್ಲಿನ ದೂಳು ತಿಂದು ಅವನ ಎದೆ ಕೆಟ್ಟು ವರ್ಷಗಳಾಗಿದ್ದವು. ಟ್ರೆಗಿಯರ್ ಹಳೆಯ ನಕ್ಷೆಯನ್ನು ಊಟದ ಮೇಜಿನ ಮೇಲೆ ಬಿಡಿಸಿದ. ಅದು ಸುರುಳಿಯಾಗದಂತೆ ಜೆಲಿಂದಾ ಒಂದು ಮೂಲೆಗೆ ಉಪ್ಪಿನ ಜಾಡಿ, ಒಂದು ಮೂಲೆಗೆ ಕಾಫಿ ಬಟ್ಟಲು ಇಟ್ಟಳು. ಅವಳಿಗೆ ಓದು ಹೆಚ್ಚು ಬರುತ್ತಿರಲಿಲ್ಲ, ಗೆರೆ ಅರ್ಥವಾಗುತ್ತಿತ್ತು. ಇಳಿಬಾವಿ ಎಲ್ಲಿ ಎಂದು ಕೇಳಿದಳು. ಅವನು ತೋರಿಸಿದ ಚುಕ್ಕೆಯಿಂದ ಬೆರಳು ಎಳೆಯುತ್ತಾ ಹೋದಳು. ಬೆರಳು ನಿಧಾನವಾಗಿ ಒಂದು ಪಕ್ಕಕ್ಕೆ ಹೊರಳಿತು.

“ಇದು ಬಾಗಿದೆಯಲ್ಲ,” ಎಂದಳು.

“ಅದಿರು ಹೇಗೆ ಬಾಗುತ್ತೋ ಸುರಂಗ ಹಾಗೇ ಬಾಗುತ್ತೆ ಅಮ್ಮ. ಸ್ವಲ್ಪ ಸ್ವಲ್ಪವೇ. ಕತ್ತಲಲ್ಲಿ ನಡೆಯೋರಿಗೆ ಗೊತ್ತಾಗಲ್ಲ.”

ಜೆಲಿಂದಾಳ ಬೆರಳು ಗೆರೆಯ ಕೊನೆಗೆ ಬಂದು ನಿಂತಿತ್ತು. ಅದು ಓಣಿಯಲ್ಲಿರಲಿಲ್ಲ, ಚರ್ಚಿನ ಹತ್ತಿರವೂ ಇರಲಿಲ್ಲ. ಅಲ್ಲೆಲ್ಲ ಕೆಂಪು ಪೆನ್ಸಿಲಿನಿಂದ ಗೀಚಿತ್ತು. ಈ ಕೆಂಪು ಏನು ಎಂದು ಕೇಳಿದಳು.

ಟ್ರೆಗಿಯರ್ ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸಿದ. “ಅಲ್ಲೀಗ ನೆಲ ಇಲ್ಲಮ್ಮ. ಬರೀ ಗಾಳಿ.”

ಉಳಿದದ್ದನ್ನು ಅವನು ತಗ್ಗಿದ ದನಿಯಲ್ಲಿ ಹೇಳಿದ. ಹೋದ ವರ್ಷ ಏಪ್ರಿಲ್ ಹನ್ನೊಂದು ಮತ್ತು ಹನ್ನೆರಡನೆಯ ತಾರೀಖು ಅಗೆದದ್ದು. ಯಂತ್ರ ನಡೆಸಿದವರನ್ನು ತಾನೇ ಹೋಗಿ ವಿಚಾರಿಸಿದ್ದ. ಸಿಮೆಂಟಿನ ತುಂಡು, ಸುಟ್ಟ ಮರ, ಸೊಟ್ಟಗಾದ ಹಳಿ ಕಂಡದ್ದು ಅವರಿಗೆ ನೆನಪಿತ್ತು. ಬೇರೇನೂ ಕಂಡಿರಲಿಲ್ಲ. ಒಂದು ಸಲಕ್ಕೆ ಒಂದು ಬಚ್ಚಲುಮನೆಯಷ್ಟು ಮಣ್ಣನ್ನು ಎತ್ತುವ ಯಂತ್ರ. ಲಾರಿಗಳು ಎಲ್ಲಿ ಸುರಿದವೆಂದು ಹೇಳಲು ಯಾರಿಗೂ ಆಗದು. ಇದನ್ನು ಹೇಳದೆ ಸಹಿ ಹಾಕಿಸಿಕೊಂಡು ಹೋಗಲು ತನಗೆ ಮನಸ್ಸಾಗಲಿಲ್ಲ ಎಂದ.

ಜೆಲಿಂದಾ ಆ ಎರಡು ದಿನಗಳನ್ನು ನೆನೆಸಿಕೊಂಡಳು. ಈಸ್ಟರ್ ಕಳೆದ ಮರುವಾರ. ಮಂಗಳವಾರ ಪರದೆಗಳನ್ನು ಒಗೆದು ಹರವಿದ್ದಳು. ಗಾಳಿ ಎದ್ದು ಗುಂಡಿಯ ದೂಳೆಲ್ಲ ಒದ್ದೆ ಬಟ್ಟೆಗೆ ಮೆತ್ತಿಕೊಂಡಿತ್ತು. ಬೈದುಕೊಂಡೇ ಬುಧವಾರ ಮತ್ತೆ ಒಗೆದಿದ್ದಳು. ಕೆಂಪು ನೀರನ್ನು ಬೋಗುಣಿ ಬೋಗುಣಿಯಾಗಿ ಬೆಳ್ಳುಳ್ಳಿಯ ಪಾತಿಗೆ ಚೆಲ್ಲಿದ್ದಳು.

ಒಲೆಯ ಹತ್ತಿರದಿಂದ ಒತ್ತೊರಿನೊ ಎದ್ದು ಬಂದಿದ್ದ. ನಕ್ಷೆಯ ಮೇಲೆ ಬಾಗಿದ. ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದನೋ ಏನೋ.

“ನಾನು ನೆಟ್ಟಗೇ ನಡೆದಿದ್ದೆ ಅತ್ತಿಗೆ,” ಎಂದ.

“ನೆಟ್ಟಗೇ ನಡೆದಿದ್ದೆ ಕಣೋ. ಕೆಳಗಿನ ದಾರಿ ನೆಟ್ಟಗಿರಲಿಲ್ಲ.”

“ಮೂವತ್ತೊಂದು ವರ್ಷ ನಿನ್ನನ್ನ ಖಾಲಿ ನೆಲದ ಮುಂದೆ ಕೂರಿಸಿದೆ.”

“ನೀನೂ ಕೂತಿದ್ದೆಯಲ್ಲ,” ಎಂದಳು ಜೆಲಿಂದಾ. ಅವನಿಗೆ ಕುರ್ಚಿ ಎಳೆದು ಕೊಟ್ಟಳು. ಆಮೇಲೆ ಮನೆಯ ಪತ್ರದಲ್ಲಿ ಟ್ರೆಗಿಯರ್ ತೋರಿಸಿದ ಕಡೆ, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು.

ಹೊರಡುವ ದಿನ ಒತ್ತೊರಿನೊ ಸಲಾಕೆ ಕೀಳಲು ಬಂದ. ಬಿಡು, ಅದರದ್ದೇನು ತಪ್ಪು ಎಂದಳು. ಅವಳು ಬಿಳಿ ಮೇಜುಬಟ್ಟೆ ಹಾಸಿ ಬೆಳ್ಳುಳ್ಳಿ ಪಾತಿಯ ಮುಂದೆ ಮಂಡಿಯೂರಿ ಕುಳಿತಿದ್ದಳು. ಸೌಟಿನಿಂದ ಮೇಲಿನ ಮಣ್ಣು ಕೆರೆದು ಬಟ್ಟೆಯ ಮೇಲೆ ಹಾಕಿದಳು. ಅದರಲ್ಲಿ ಕೆಂಪು ಯಾವುದು, ಕಪ್ಪು ಯಾವುದು ಎಂದು ಬೇರೆ ಮಾಡಲು ಆಗುತ್ತಿರಲಿಲ್ಲ. ನಾಲ್ಕು ತುದಿ ಸೇರಿಸಿ ಗಂಟು ಕಟ್ಟಿದಳು. ಏನದು ಎಂದು ಅವನು ಕೇಳಲಿಲ್ಲ. ಪರದೆ ಒಗೆದ ಕತೆಯನ್ನು ಅವಳು ಅವನಿಗೆ ಅಷ್ಟರಲ್ಲಿ ಹೇಳಿದ್ದಳು.

ಬಯಲಿನ ಹೊಸ ಮನೆಗೆ ಹಿತ್ತಿಲೆಂದರೆ ಎರಡು ಮಾರು ಜಾಗ. ನವೆಂಬರ್ ಎರಡರಂದು ಅಲ್ಲಿ ಗುಂಡಿ ತೋಡಿ ಗಂಟು ಬಿಚ್ಚಿ ಸುರಿದಳು. ಪಾದ್ರಿ ಬಂದು ನೀರು ಚಿಮುಕಿಸಿ ಪ್ರಾರ್ಥನೆ ಹೇಳಿದ. ಅವನು ಹೋದ ಮೇಲೆ ಡಬ್ಬಿ, ಬಕೀಟು, ಲೋಟ ಇಟ್ಟಳು. ಒತ್ತೊರಿನೊ ಆ ಸಲ ವೈನು ಮುಟ್ಟಲಿಲ್ಲ.

“ಇಷ್ಟು ವರ್ಷ ಬಾಯಾರಿದ್ದಾನೆ. ಅವನೇ ಕುಡೀಲಿ,” ಎಂದ.

ಫೆಬ್ರವರಿಯಲ್ಲಿ ಒತ್ತೊರಿನೊ ತೀರಿಕೊಂಡ. ಮುಂದಿನ ನವೆಂಬರಿನಲ್ಲಿ ಜೆಲಿಂದಾ ಆ ಮಣ್ಣಿನ ಪಕ್ಕದಲ್ಲಿ ಎರಡು ಲೋಟ ವೈನು ಇಟ್ಟಳು. ಆ ಸಲ ರೊಟ್ಟಿಯ ಹಿಟ್ಟಿಗೆ ಒಂದು ಚಿಟಿಕೆ ಉಪ್ಪು ಹೆಚ್ಚಿಗೆ ಹಾಕಿದ್ದಳು.